ಏರಿದ ದಿಣ್ಣೆಯೆಲ್ಲ ಇಳಿಯುವಂಥದ್ದಲ್ಲ: ಲಾನ್ ಟ್ರ್ಯಾಕ್ಟರ್ ಪ್ರಶ್ನೋತ್ತರ

ಕನಕಪುರ ರಸ್ತೆ, ಬನ್ನೇರುಘಟ್ಟ, ದೇವನಹಳ್ಳಿ ಕಡೆಯ ತೋಟದ ಮನೆಗಳಿಂದಲೂ ನಗರದೊಳಗಿನ ಕ್ಯಾಂಪಸ್‌ಗಳಿಂದಲೂ ಬಂದ ಪ್ರಶ್ನೆಗಳಲ್ಲಿ ಈ ಸಲ ಒಂದೇ ವಿಷಯದವನ್ನು ಆರಿಸಿದ್ದೇವೆ. ಕೂತು ಓಡಿಸುವ, ಬೆಲ್ಟ್ ಮೇಲೆ ನಡೆಯುವ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಇಳಿಜಾರಿನಲ್ಲಿ ಹೇಗೆ ವರ್ತಿಸುತ್ತದೆ ಎಂಬುದು. ಉಳುವ ಟ್ರ್ಯಾಕ್ಟರಿನ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿಲ್ಲ. ಅದರ ಗೇರು, ಬ್ರೇಕು, ತೂಕ ಎಲ್ಲವೂ ಬೇರೆ.

ಪ್ರಶ್ನೆ: ಎರಡು ಎಕರೆ ತೋಟ, ಅರ್ಧ ಭಾಗ ದಿಣ್ಣೆ. ಸೆಕೆಂಡ್ ಹ್ಯಾಂಡ್ 42 ಇಂಚಿನ ಗೇರ್ ಟ್ರ್ಯಾಕ್ಟರ್ ತಗೊಂಡಿದ್ದೇವೆ. ದಿಣ್ಣೆ ಆರಾಮಾಗಿ ಹತ್ತುತ್ತೆ. ಇಳಿಯುವಾಗ ಮಾತ್ರ ಒಮ್ಮೊಮ್ಮೆ ಹಿಡಿತ ಬಿಟ್ಟ ಹಾಗಾಗಿ ಮುಂದಕ್ಕೆ ನುಗ್ಗುತ್ತೆ. ಗೇರ್‌ನಲ್ಲೇ ಇರುತ್ತೆ, ಕ್ಲಚ್ ಒತ್ತಿರೋದಿಲ್ಲ. ಗೇರ್ ಬಾಕ್ಸ್ ಹೋಗಿದೆಯಾ? — ಓದುಗರು, ಹಾರೋಹಳ್ಳಿ

ಉತ್ತರ: ಗೇರ್ ಬಾಕ್ಸ್ ಬಿಚ್ಚಿಸುವ ಮೊದಲು ಬೆಲ್ಟ್ ನೋಡಿ. ನೀವು ಹೇಳುವ ಲಕ್ಷಣ ಬೆಲ್ಟ್ ಜಾರುವುದರದ್ದು. ಹತ್ತುವಾಗ ಜಾರದೆ ಇಳಿಯುವಾಗ ಮಾತ್ರ ಜಾರುವುದಕ್ಕೂ ಕಾರಣವಿದೆ.

ಎಂಜಿನ್ ಕೆಳಗಿನ ಪುಲ್ಲಿಯಿಂದ ಗೇರ್ ಬಾಕ್ಸಿನ ಪುಲ್ಲಿಗೆ ಒಂದು ವಿ-ಬೆಲ್ಟ್ ಹೋಗುತ್ತದೆ. ಅದನ್ನು ಬಿಗಿಯಾಗಿಡುವುದು ಸ್ಪ್ರಿಂಗ್ ಎಳೆತದ ಐಡ್ಲರ್ ಪುಲ್ಲಿ. ಪೆಡಲ್ ಒತ್ತಿದರೆ ಐಡ್ಲರ್ ಹಿಂದೆ ಸರಿದು ಬೆಲ್ಟ್ ಸಡಿಲವಾಗುತ್ತದೆ. ಈ ಗಾಡಿಗಳಲ್ಲಿ ಕ್ಲಚ್ ಎಂದರೆ ಇಷ್ಟೇ. ಎಂಜಿನ್ ಎಳೆಯುವಾಗ ಬೆಲ್ಟಿನ ಒಂದು ಮಗ್ಗುಲು ಬಿಗಿ, ಇನ್ನೊಂದು ಸಡಿಲ. ಐಡ್ಲರನ್ನು ಕೂರಿಸಿರುವುದು ಸಡಿಲ ಮಗ್ಗುಲಲ್ಲಿ. ಇಳಿಯುವಾಗ ಲೆಕ್ಕ ತಿರುಗುಮುರುಗಾಗುತ್ತದೆ. ಚಕ್ರವೇ ಗೇರ್ ಬಾಕ್ಸ್ ಮೂಲಕ ಎಂಜಿನ್ನನ್ನು ನೂಕುತ್ತದೆ, ಸಡಿಲವಿದ್ದ ಮಗ್ಗುಲು ಬಿಗಿಯಾಗುತ್ತದೆ, ಆ ಬಿಗಿ ಐಡ್ಲರನ್ನು ಸ್ಪ್ರಿಂಗಿಗೆ ಎದುರಾಗಿ ಹಿಂದಕ್ಕೆ ತಳ್ಳುತ್ತದೆ. ನೀವು ಪೆಡಲ್ ಮುಟ್ಟದಿದ್ದರೂ ಅರ್ಧ ಕ್ಲಚ್ ಒತ್ತಿದಂತೆಯೇ ಆಯಿತು. ಹಾಗಾಗಿ ಹತ್ತಲು ಸಾಕಾಗುವ ಬೆಲ್ಟು ಇಳಿಯಲು ಸಾಲದೆ ಹೋಗಬಹುದು. ದಿಣ್ಣೆ ಹತ್ತಿತು ಎಂಬುದು ಅದನ್ನು ಇಳಿಯಬಹುದು ಎಂಬುದಕ್ಕೆ ಪುರಾವೆಯಲ್ಲ.

ಎಷ್ಟು ಭಾರದ ವಿಷಯ ಎಂದು ತಿಳಿಯಲು ಸಣ್ಣ ಲೆಕ್ಕ. ಗಾಡಿ 250 ಕೆಜಿ, ಕೂತವರು 70 ಕೆಜಿ ಎಂದಿಟ್ಟುಕೊಳ್ಳಿ. 5 ಡಿಗ್ರಿ ಇಳಿಜಾರಿನಲ್ಲಿ ಗಾಡಿಯನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 28 ಕೆಜಿ. 10 ಡಿಗ್ರಿಯಲ್ಲಿ 56, 15 ಡಿಗ್ರಿಯಲ್ಲಿ 83. ಇದನ್ನೆಲ್ಲ ತಡೆಯಬೇಕಾದ್ದು ಬೆರಳಿನ ದಪ್ಪದ ಒಂದು ಬೆಲ್ಟು.

ನೋಡುವ ಕ್ರಮ ಹೀಗೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೀ ತೆಗೆದು, ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿ. ಡೆಕ್, ಅಂದರೆ ಬ್ಲೇಡುಗಳಿರುವ ಕೆಳಗಿನ ತಟ್ಟೆ, ಕೆಳಗಿಳಿಸಿ. ಬೆಲ್ಟಿನ ಪಕ್ಕಗಳನ್ನು ಟಾರ್ಚ್ ಹಿಡಿದು ನೋಡಿ. ವಿ-ಬೆಲ್ಟ್ ಹಿಡಿಯುವುದು ಪಕ್ಕದಿಂದಲೇ ಹೊರತು ತಳದಿಂದ ಅಲ್ಲ. ಪಕ್ಕಗಳು ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಜಾರಿ ಜಾರಿ ಸುಟ್ಟ ಬೆಲ್ಟು, ಬದಲಿಸಿ. ಬೆಲ್ಟಿನ ಮೇಲ್ಮೈ ಪುಲ್ಲಿಯ ಅಂಚಿಗೆ ಹೆಚ್ಚುಕಡಿಮೆ ಸಮನಾಗಿರಬೇಕು. ಅಗಲದಲ್ಲಿ 1.5 ಮಿಮೀ ಸವೆದರೆ ಬೆಲ್ಟು ಸುಮಾರು 2 ಮಿಮೀ ಒಳಗೆ ಇಳಿಯುತ್ತದೆ. ಪುಲ್ಲಿಯ ತಳ ಉಜ್ಜಿದಂತೆ ಮಿನುಗುತ್ತಿದ್ದರೆ ಬೆಲ್ಟು ತಳ ಮುಟ್ಟಿದೆ ಎಂದರ್ಥ. ಆಗ ಸ್ಪ್ರಿಂಗ್ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ.

ಆಮೇಲೆ ಐಡ್ಲರ್ ತೋಳು. ಕೈಯಿಂದ ಎಳೆದು ಬಿಟ್ಟರೆ ಟಪ್ಪನೆ ವಾಪಸ್ ಬರಬೇಕು. ನಿಧಾನಕ್ಕೆ ಬಂದರೆ ಅದರ ಕೀಲು ತುಕ್ಕು ಹಿಡಿದಿದೆ, ಇಲ್ಲವೇ ಒಣ ಹುಲ್ಲಿನ ಪುಡಿ ಕಟ್ಟಿಕೊಂಡಿದೆ. ಬಿಚ್ಚಿ, ತೊಳೆದು, ಗ್ರೀಸ್ ಹಚ್ಚಿ. ಗ್ರೀಸು ಬೆಲ್ಟಿಗೆ ತಾಗದಿರಲಿ. ಸ್ಪ್ರಿಂಗನ್ನು ಕಳಚಿದಾಗ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರಬೇಕು. ನಡುವೆ ಬೆಳಕು ಕಂಡರೆ ಸ್ಪ್ರಿಂಗ್ ಸೋತಿದೆ. ಕೊಂಡಿಯನ್ನು ಒಂದು ತೂತು ಮುಂದೆ ಹಾಕಿ ಬಿಗಿ ಮಾಡುವ ಉಪಾಯ ಕೆಲವರದ್ದು. ಹಾಗೆ ಮಾಡಿದರೆ ಪೆಡಲ್ ಒತ್ತಿದಾಗ ಬೆಲ್ಟು ಪೂರ್ತಿ ಬಿಡುವುದಿಲ್ಲ, ನಿಲ್ಲಿಸಬೇಕಾದಾಗ ಗಾಡಿ ತೆವಳುತ್ತದೆ. ಹೊಸ ಸ್ಪ್ರಿಂಗ್ ಹಾಕಿ.

ಕೊನೆಗೆ ಬೆಲ್ಟ್ ಕೀಪರ್‌ಗಳು, ಅಂದರೆ ಪುಲ್ಲಿ ಪಕ್ಕದ ಕಂಬಿಗಳು. ಬೆಲ್ಟು ಬಿಗಿಯಾಗಿದ್ದಾಗ ಇವುಗಳಿಗೂ ಬೆಲ್ಟಿಗೂ 2–3 ಮಿಮೀ ಸಂದು ಇರಬೇಕು. ಬಗ್ಗಿ ದೂರ ಹೋಗಿದ್ದರೆ ಪೆಡಲ್ ಒತ್ತಿದ ಕೂಡಲೇ ಬೆಲ್ಟು ಪುಲ್ಲಿಯಿಂದ ಹಾರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಇವು ಕಾಣೆಯಾಗಿರುವುದೂ ಉಂಟು. ಹಿಂದೆ ಬೆಲ್ಟ್ ಬದಲಿಸಿದವರು ಕಳಚಿ ಅಲ್ಲೇ ಬಿಟ್ಟಿರುತ್ತಾರೆ.

ಇಷ್ಟು ಸರಿಯಾದ ಮೇಲೆ ಓಡಿಸುವ ರೀತಿ: ಇಳಿಯುವ ಮೊದಲೇ, ದಿಣ್ಣೆಯ ತಲೆಯ ಮೇಲೆ ನಿಂತು, ಕೆಳಗಿನ ಗೇರ್ ಹಾಕಿಕೊಳ್ಳಿ. ನಡುವೆ ಗೇರ್ ಬದಲಿಸಬೇಡಿ. ಅರ್ಧ ಪೆಡಲ್ ಯಾವತ್ತೂ ಒತ್ತಬೇಡಿ. ಕ್ಲಚ್ಚಿಗೂ ಬ್ರೇಕಿಗೂ ಇಲ್ಲಿ ಒಂದೇ ಪೆಡಲ್. ಅರ್ಧಕ್ಕೆ ಬೆಲ್ಟು ಬಿಟ್ಟಿರುತ್ತದೆ, ಬ್ರೇಕು ಇನ್ನೂ ಹಿಡಿದಿರುವುದಿಲ್ಲ; ಆ ನಡುವಿನ ಹೊತ್ತಿನಲ್ಲಿ ಗಾಡಿ ಯಾರ ಮಾತೂ ಕೇಳುವುದಿಲ್ಲ. ನಿಲ್ಲಿಸಬೇಕೆಂದರೆ ಪೂರ್ತಿ ಒತ್ತಿ.

ಪ್ರಶ್ನೆ: ಎಷ್ಟು ಇಳಿಜಾರಿನ ತನಕ ಓಡಿಸಬಹುದು? ಡಿಗ್ರಿ ಅಳೆಯೋದು ಹೇಗೆ? — ಓದುಗರು, ದೇವನಹಳ್ಳಿ

ಉತ್ತರ: ಬಹುಪಾಲು ಲಾನ್ ಟ್ರ್ಯಾಕ್ಟರುಗಳ ಕೈಪಿಡಿಯಲ್ಲಿ 15 ಡಿಗ್ರಿ ಮಿತಿ ಎಂದಿರುತ್ತದೆ, ಕೆಲವದರಲ್ಲಿ 10. ನಿಮ್ಮದರಲ್ಲಿ ಯಾವುದಿದೆಯೋ ಅದೇ ಮಿತಿ. 15 ಡಿಗ್ರಿ ಎಂದರೆ ಶೇ. 27ರ ಏರು, 10 ಎಂದರೆ ಶೇ. 18. ಡಿಗ್ರಿಯನ್ನೂ ಶೇಕಡಾವನ್ನೂ ಒಂದೇ ಎಂದುಕೊಂಡು ಮೋಸಹೋಗುವವರಿದ್ದಾರೆ.

ಅಳೆಯಲು ಗಾರೆ ಮೇಸ್ತ್ರಿಯ ರಸಮಟ್ಟ, ಸರಿಯಾಗಿ 1 ಮೀಟರ್ ಉದ್ದದ ನೇರ ಪಟ್ಟಿ, ಒಂದು ಟೇಪು ಸಾಕು. ಪಟ್ಟಿಯ ಒಂದು ತುದಿ ಮೇಲ್ಗಡೆ ನೆಲಕ್ಕೆ ತಾಗಿರಲಿ. ಇನ್ನೊಂದು ತುದಿಯನ್ನು ಇಳಿಜಾರಿನ ಕಡೆಗೆ ಚಾಚಿ, ರಸಮಟ್ಟದ ಗುಳ್ಳೆ ನಡುವೆ ನಿಲ್ಲುವ ತನಕ ಎತ್ತಿ. ಆ ತುದಿಯಿಂದ ನೆಲಕ್ಕೆ ಎಷ್ಟು ಎಂದು ಟೇಪು ಇಳಿಬಿಡಿ. ಸುಮಾರು 9 ಸೆಂಮೀ ಬಂದರೆ 5 ಡಿಗ್ರಿ, 17–18 ಬಂದರೆ 10, 27ರ ಹತ್ತಿರ ಬಂದರೆ 15. ಮೊಬೈಲಿನ ಮಟ್ಟ ತೋರಿಸುವ ಆ್ಯಪ್ ಕೂಡ ಆಗುತ್ತದೆ, ಆದರೆ ಫೋನನ್ನು ಹುಲ್ಲಿನ ಮೇಲಲ್ಲ, ಪಟ್ಟಿಯ ಮೇಲಿಡಿ.

ಅಳೆಯಬೇಕಾದ್ದು ಇಡೀ ದಿಣ್ಣೆಯ ಸರಾಸರಿಯನ್ನಲ್ಲ, ಅತ್ಯಂತ ಕಡಿದಾದ ಜಾಗವನ್ನು. ನಮ್ಮ ಕಡೆಯ ಹಳೇ ರಾಗಿ ಹೊಲಗಳನ್ನು ಲಾನ್ ಮಾಡಿದಲ್ಲಿ ಬದುವಿನ ಜಾಗ ಮೇಲಿಂದ ಮಟ್ಟಸವಾಗಿ ಕಂಡರೂ ಎರಡು ಹೆಜ್ಜೆಯಷ್ಟು ಉದ್ದಕ್ಕೆ 20 ಡಿಗ್ರಿ ಇರುತ್ತದೆ. ಅಲ್ಲಿ ಸುಣ್ಣದ ಗೆರೆ ಎಳೆದು ಗಾಡಿಗೆ ಗಡಿ ಹಾಕಿ.

ಇನ್ನೊಂದು ಪರೀಕ್ಷೆ ಅನೇಕ ಕೈಪಿಡಿಗಳಲ್ಲೇ ಇದೆ. ದಿಣ್ಣೆಯನ್ನು ರಿವರ್ಸ್‌ನಲ್ಲಿ ಹತ್ತಲು ಆಗದಿದ್ದರೆ ಅಲ್ಲಿ ಓಡಿಸಬೇಡಿ. ಬ್ಲೇಡ್ ನಿಲ್ಲಿಸಿ, ಬುಡದಿಂದ ನಿಧಾನವಾಗಿ ಹಿಂದಕ್ಕೆ ಹತ್ತಿಸಿ ನೋಡಿ. ಆಗ ಹಿಂದಿನ ಚಕ್ರಗಳು ಮೇಲ್ಗಡೆ ಇದ್ದು ಭಾರ ಮುಂದಕ್ಕೆ ಬಿದ್ದಿರುತ್ತದೆ. ಇಳಿಯುವಾಗ ಗಾಡಿ ನಿಲ್ಲುವ ಭಂಗಿಯೂ ಅದೇ. ಇಲ್ಲಿ ಚಕ್ರ ಸುತ್ತಿ ಜಾರಿದರೆ ಇಳಿಯುವಾಗ ಬ್ರೇಕೂ ಹಾಗೆಯೇ ಜಾರುತ್ತದೆ.

ಪ್ರಶ್ನೆ: ನಮ್ಮ ಕ್ಯಾಂಪಸ್‌ನಲ್ಲಿ ಮೊದಲು ತಳ್ಳುವ ಮಷೀನ್ ಇತ್ತು, ಮಾಲಿಗಳು ಇಳಿಜಾರಿಗೆ ಅಡ್ಡಡ್ಡ ಹೊಡೀತಿದ್ದರು. ಈಗ ಟ್ರ್ಯಾಕ್ಟರ್ ಬಂದಿದೆ, ಅದೇ ರೂಢಿಯಲ್ಲಿ ಓಡಿಸ್ತಿದ್ದಾರೆ. ಸರೀನಾ? — ತೋಟದ ಮೇಲ್ವಿಚಾರಕರು, ವೈಟ್‌ಫೀಲ್ಡ್

ಉತ್ತರ: ತಪ್ಪು, ಇವತ್ತೇ ನಿಲ್ಲಿಸಿ. ತಳ್ಳುವ ಮಷೀನಿಗೆ ಅಡ್ಡ, ಕೂತು ಓಡಿಸುವ ಗಾಡಿಗೆ ನೇರ ಮೇಲೆ–ಕೆಳಗೆ. ತಳ್ಳುವಾಗಿನ ಭಯ ಕಾಲು ಜಾರಿ ಬ್ಲೇಡಿನಡಿ ಹೋಗುವುದು, ಅದಕ್ಕೇ ಅಡ್ಡ. ಕೂತಾಗಿನ ಭಯ ಗಾಡಿ ಮಗ್ಗುಲಿಗೆ ಉರುಳುವುದು. ಲಾನ್ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಉರುಳಿದರೆ ಕಾಪಾಡುವ ಕಮಾನು ಇರುವುದಿಲ್ಲ.

ಅಡ್ಡ ಹೋಗುವಾಗ ಇಳಿಜಾರಿನ ಡಿಗ್ರಿಯ ಜೊತೆಗೆ ನೆಲದ ಉಬ್ಬು ತಗ್ಗೂ ಸೇರುತ್ತದೆ. ಎಡ–ಬಲ ಚಕ್ರಗಳ ನಡುವೆ 75 ಸೆಂಮೀ ಇದೆ ಎನ್ನಿ. 12 ಡಿಗ್ರಿ ಇಳಿಜಾರಿನಲ್ಲಿ ಅಡ್ಡ ಹೋಗುತ್ತಾ ಮೇಲ್ಗಡೆಯ ಚಕ್ರ 10 ಸೆಂಮೀ ಎತ್ತರದ ಹುತ್ತದ ಮೇಲೆ ಹತ್ತಿದರೆ ಗಾಡಿಯ ವಾಲು ಸುಮಾರು 20 ಡಿಗ್ರಿ ಆಗಿಬಿಡುತ್ತದೆ. ಕೆಳಗಿನ ಚಕ್ರ ಗುಂಡಿಗೆ ಇಳಿದರೂ ಅಷ್ಟೇ. ಮಳೆ ಬಿದ್ದ ಮೇಲೆ ಹುತ್ತ ಒಂದೆರಡು ವಾರದಲ್ಲಿ ಎದ್ದು ಹುಲ್ಲಿನೊಳಗೆ ಅಡಗಿರುತ್ತದೆ. ಆದ್ದರಿಂದ ಮೊದಲು ಒಬ್ಬರು ಕೋಲು ಹಿಡಿದು ನಡೆದು ಬರಬೇಕು. ಹುತ್ತ, ಬಂಡೆಯ ತಲೆ, ಡ್ರಿಪ್ ಪೈಪಿನ ಗೂಟ, ಸ್ಪ್ರಿಂಕ್ಲರ್ ತಲೆ, ಚೇಂಬರ್ ಮುಚ್ಚಳ ಎಲ್ಲದಕ್ಕೂ ಬಣ್ಣದ ಬಾವುಟ ನೆಡಿ. ಹುಲ್ಲು ಮೊಳಕಾಲು ಮುಟ್ಟಿದ್ದರೆ ಮೊದಲು ವೀಡ್ ಕಟರ್, ಆಮೇಲೆ ಟ್ರ್ಯಾಕ್ಟರ್.

ತಿರುಗಿಸುವುದು ಮೇಲಿನ ಮತ್ತು ಕೆಳಗಿನ ಮಟ್ಟಸ ಜಾಗದಲ್ಲಿ ಮಾತ್ರ. ಮಟ್ಟಸ ಜಾಗವೇ ಇಲ್ಲದಿದ್ದರೆ ಆ ತುಂಡು ಟ್ರ್ಯಾಕ್ಟರಿನದ್ದಲ್ಲ. ಹುಲ್ಲಿನ ಚೀಲ ಹಿಂದೆ ತಗುಲಿಸುವ ಗಾಡಿಯಾದರೆ, ಅರ್ಧ ತುಂಬಿದಾಗಲೇ ಖಾಲಿ ಮಾಡಿ. ಹಿಂದಿನ ಆಕ್ಸಲ್‌ನಿಂದಾಚೆ ತೂಗುವ ಹಸಿ ಹುಲ್ಲಿನ ಭಾರ ಹತ್ತುವಾಗ ಮುಂದಿನ ಚಕ್ರವನ್ನು ಎತ್ತುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗದು. ಗೊಬ್ಬರದ ಟ್ರೇಲರ್ ಎಳೆದುಕೊಂಡು ಇಳಿಜಾರಿಗೆ ಹೋಗಲೇಬೇಡಿ, ಇಳಿಯುವಾಗ ಅದು ಹಿಂದಿನಿಂದ ನೂಕಿ ಗಾಡಿಯನ್ನು ಅಡ್ಡ ತಿರುಗಿಸುತ್ತದೆ.

ಕೃಷಿ ಹೊಂಡ, ತಡೆಗೋಡೆಯ ಅಂಚು, ಚರಂಡಿ ಇರುವ ಕಡೆ ಕನಿಷ್ಠ ಗಾಡಿಯ ಅಗಲದ ಎರಡರಷ್ಟು ದೂರ ಬಿಡಿ. ಮಳೆಯಲ್ಲಿ ನೆನೆದ ಕೆಂಪು ಮಣ್ಣಿನ ಅಂಚು ಮೇಲಿನಿಂದ ಗಟ್ಟಿಯಾಗಿ ಕಂಡರೂ ಚಕ್ರದ ಭಾರಕ್ಕೆ ಕುಸಿಯುತ್ತದೆ.

ಪ್ರಶ್ನೆ: ಕಂಪನಿ ಬೆಲ್ಟ್ ತುಂಬಾ ದುಬಾರಿ, ಬರೋಕೆ ತಿಂಗಳು ಹಿಡಿಯುತ್ತೆ. ಎಸ್.ಪಿ. ರೋಡಿನಲ್ಲಿ ಅದೇ ಅಳತೆಯ ಎ ಸೆಕ್ಷನ್ ಬೆಲ್ಟ್ ಸಿಗುತ್ತೆ. ಹಾಕಿದರೆ ಏನು ತೊಂದರೆ? ಜಾರಿದರೆ ಸ್ವಲ್ಪ ರಾಳ ಹಾಕಿ ಅಂತ ಮೆಕ್ಯಾನಿಕ್ ಹೇಳ್ತಾರೆ. — ಓದುಗರು, ತಾತಗುಣಿ

ಉತ್ತರ: ಡೆಕ್ ಬೆಲ್ಟಿಗೂ ಓಟದ ಬೆಲ್ಟಿಗೂ ಉತ್ತರ ಬೇರೆ ಬೇರೆ. ಬ್ಲೇಡ್ ತಿರುಗಿಸುವ ಡೆಕ್ ಬೆಲ್ಟು ತುಂಡಾದರೆ ಹುಲ್ಲು ಕತ್ತರಿಸುವುದು ನಿಲ್ಲುತ್ತದೆ, ಅಷ್ಟೇ. ಅಲ್ಲಿ ತಾತ್ಕಾಲಿಕವಾಗಿ ಮಾರುಕಟ್ಟೆಯ ಬೆಲ್ಟು ಹಾಕಿ ಕೆಲಸ ಮುಗಿಸಬಹುದು. ಚಕ್ರ ಓಡಿಸುವ ಬೆಲ್ಟಿನ ಮೇಲೆ ಇಳಿಜಾರಿನಲ್ಲಿ ನಿಮ್ಮ ಜೀವ ನಿಂತಿರುತ್ತದೆ. ಅಲ್ಲಿ ಕಂಪನಿ ಹೇಳಿದ ಪಾರ್ಟ್ ನಂಬರೇ ಇರಲಿ, ಮಳೆಗಾಲಕ್ಕೆ ಮೊದಲೇ ಒಂದು ತರಿಸಿ ಇಟ್ಟುಕೊಳ್ಳಿ.

ವ್ಯತ್ಯಾಸ ಎಲ್ಲಿದೆ ಎಂದರೆ, ಮೋಟಾರು, ಪಂಪು, ಗಿರಣಿಗಳ ಬೆಲ್ಟು ಸದಾ ಬಿಗಿಯಾಗಿ ಒಂದೇ ಸಮ ಓಡುವಂಥದ್ದು. ಲಾನ್ ಟ್ರ್ಯಾಕ್ಟರಿನದ್ದು ದಿನಕ್ಕೆ ನೂರಾರು ಸಲ ಬಿಟ್ಟು ಹಿಡಿದು ಮಾಡಬೇಕಾದ ಬೆಲ್ಟು. ಜೊತೆಗೆ ಚಪ್ಪಟೆ ಐಡ್ಲರ್ ಅದರ ಬೆನ್ನನ್ನು ಒತ್ತಿ ಹಿಂದಕ್ಕೆ ಬಗ್ಗಿಸುತ್ತದೆ. ಅದಕ್ಕಾಗಿ ಒಳಗೆ ಹಿಗ್ಗದ ಅರಾಮಿಡ್ ದಾರ, ಹೊರಗೆ ಜಾರುವ ಬಟ್ಟೆಯ ಹೊದಿಕೆ ಇರುವ ಬೆಲ್ಟನ್ನು ಮಾಡಿರುತ್ತಾರೆ. ಸಾಮಾನ್ಯ ಪಾಲಿಯೆಸ್ಟರ್ ದಾರದ್ದು ಏರಿನ ಜಗ್ಗಾಟಕ್ಕೆ ಹಿಗ್ಗುತ್ತದೆ, ಐಡ್ಲರ್ ತನ್ನ ಕೊನೆಯ ಮಿತಿ ಮುಟ್ಟುತ್ತದೆ, ಅಲ್ಲಿಂದ ಮುಂದೆ ಜಾರಾಟ. ಹಲ್ಲಿನಂತೆ ಕಚ್ಚು ಇರುವ, ಪಕ್ಕಕ್ಕೆ ಬಟ್ಟೆಯಿಲ್ಲದ ಬೆಲ್ಟು ಇನ್ನೂ ಅಪಾಯ. ಪೆಡಲ್ ಒತ್ತಿದರೂ ಪುಲ್ಲಿಯನ್ನು ಬಿಡದೆ ಕಚ್ಚಿಕೊಂಡು ಗಾಡಿಯನ್ನು ಮುಂದಕ್ಕೆ ಒಯ್ಯುತ್ತದೆ.

ಡೆಕ್ಕಿಗೆ ಕೊಳ್ಳುವವರು ಅಳತೆಯಲ್ಲಿ ಎಡವುವ ಜಾಗ ಒಂದಿದೆ. ಎ50 ಎಂದರೆ ಒಳಸುತ್ತು 50 ಇಂಚು. ಹೊರಗಿನಿಂದ ಬಂದ ಗಾಡಿಗಳ ಬೆಲ್ಟಿನ ಮೇಲೆ 4ಎಲ್520 ಎಂದು ಇರುತ್ತದೆ, ಅಂದರೆ ಹೊರಸುತ್ತು 52 ಇಂಚು. ಎರಡೂ ಒಂದೇ ಉದ್ದ. 52 ನೋಡಿ ಎ52 ತಂದರೆ ಎರಡು ಇಂಚು ಉದ್ದವಾಗುತ್ತದೆ. ಅದೇ ರೀತಿ 5ಎಲ್530ಕ್ಕೆ ಸಮ ಬಿ50. ಎ ಸೆಕ್ಷನ್ನಿನ ಮೇಲಗಲ 13 ಮಿಮೀ, ಬಿ ಆದರೆ 17. ಹಳೇ ಬೆಲ್ಟನ್ನು ಅಂಗಡಿಗೆ ಒಯ್ದು ಅಳೆಸಬೇಡಿ, ಅದು ಹಿಗ್ಗಿ ಸವೆದಿರುತ್ತದೆ, ನಂಬರು ಓದಿ. ಐಡ್ಲರ್ ಬೇರಿಂಗ್ ಕೊಳ್ಳುವಾಗಲೂ ಎಚ್ಚರ. ಹೊರವ್ಯಾಸ 6203 ನಂಬರಿನ ಬೇರಿಂಗಿನದ್ದೇ ಇದ್ದರೂ, ಅಂದರೆ 40 ಮಿಮೀ, ಒಳ ತೂತು 17 ಮಿಮೀ ಬದಲು ಇಂಚಿನ ಅಳತೆಯಲ್ಲಿರಬಹುದು. ಬೋಲ್ಟನ್ನೂ ಜೊತೆಗೆ ಒಯ್ಯಿರಿ.

ರಾಳ ಹಾಕುವುದು ಹಿಟ್ಟಿನ ಗಿರಣಿಯ ಚಪ್ಪಟೆ ಪಟ್ಟಾ ಬೆಲ್ಟಿನ ಅಭ್ಯಾಸ. ಇಲ್ಲಿ ಹಾಕಿದರೆ ಬೆಲ್ಟು ಸಡಿಲಗೊಂಡಾಗಲೂ ಅಂಟಿಕೊಂಡು ಕ್ಲಚ್ ಬಿಡುವುದಿಲ್ಲ. ಮೇಲಾಗಿ ಕೆಂಪು ಧೂಳು ಅದಕ್ಕೆ ಮೆತ್ತಿ ಉಪ್ಪುಕಾಗದದಂತೆ ಪುಲ್ಲಿಯನ್ನು ತಿನ್ನುತ್ತದೆ. ಎಣ್ಣೆ ತಾಗಿ ಜಾರುತ್ತಿದ್ದರೆ ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ಹುಡುಕಿ ನಿಲ್ಲಿಸಿ, ಪುಲ್ಲಿಯನ್ನು ಸೋಪು ನೀರಿನಿಂದ ತೊಳೆದು ಒರೆಸಿ, ಬೆಲ್ಟು ಬದಲಿಸಿ. ಎಣ್ಣೆ ಕುಡಿದ ರಬ್ಬರು ಮತ್ತೆ ಸರಿಹೋಗುವುದಿಲ್ಲ.

ಪ್ರಶ್ನೆ: ಬ್ರೇಕ್ ಹಾಕಿದರೂ ಇಳಿಜಾರಿನಲ್ಲಿ ನಿಲ್ಲೋದಿಲ್ಲ. ಒಂದು ಚಕ್ರ ಹಿಂದಕ್ಕೆ ತಿರುಗಿದ್ದನ್ನು ಕಣ್ಣಾರೆ ನೋಡಿದೆ! ಹೀಗೂ ಆಗುತ್ತಾ? — ಓದುಗರು, ಹೆಸರಘಟ್ಟ

ಉತ್ತರ: ಆಗುತ್ತದೆ. ಕಾರಿನಂತೆ ನಾಲ್ಕೂ ಚಕ್ರಕ್ಕೆ ಇಲ್ಲಿ ಬ್ರೇಕಿಲ್ಲ. ಬಹುತೇಕ ಗಾಡಿಗಳಲ್ಲಿ ಇರುವುದು ಗೇರ್ ಬಾಕ್ಸಿನ ಪಕ್ಕದ ಒಂದೇ ಒಂದು ಸಣ್ಣ ಡಿಸ್ಕು. ಅದರ ಹಿಡಿತ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ) ಮೂಲಕ ಎರಡು ಹಿಂದಿನ ಚಕ್ರಗಳಿಗೆ ಹಂಚಿಹೋಗುತ್ತದೆ. ಬ್ರೇಕು ಹಿಡಿದಾಗ ಡಿಫರೆನ್ಷಿಯಲ್ಲಿನ ಗೂಡು ನಿಲ್ಲುತ್ತದೆ, ಆದರೆ ಒಂದು ಚಕ್ರ ಮುಂದೆ, ಇನ್ನೊಂದು ಹಿಂದೆ ತಿರುಗಲು ಏನೂ ಅಡ್ಡಿಯಿಲ್ಲ. ಒಂದು ಚಕ್ರ ನೆಲ ಬಿಟ್ಟಿತೋ, ಗರಸಿನ ಮೇಲೆ ಬಂತೋ, ನೆಲ ಹಿಡಿದ ಚಕ್ರ ಇಳಿಯುತ್ತಾ ಹೋಗುತ್ತದೆ, ಹಗುರಾದದ್ದು ಉಲ್ಟಾ ತಿರುಗುತ್ತದೆ. ಬ್ರೇಕ್ ಪ್ಯಾಡ್ ಹೊಸದಾಗಿದ್ದರೂ ಇದು ತಪ್ಪದು.

ಮಾಡಬಹುದಾದ್ದು ಎರಡು. ಮೊದಲನೆಯದು ಡಿಸ್ಕಿನ ಸಂದು ಸರಿಪಡಿಸುವುದು. ಸಮತಟ್ಟಿನಲ್ಲಿ ನ್ಯೂಟ್ರಲ್‌ಗೆ ತಂದು, ಪಾರ್ಕಿಂಗ್ ಬ್ರೇಕ್ ಹಾಕಿ, ಗಾಡಿಯನ್ನು ತಳ್ಳಿ. ಹಿಂದಿನ ಚಕ್ರ ಉರುಳಬಾರದು, ಎಳೆದುಕೊಂಡು ಹೋಗಬೇಕು. ಉರುಳಿದರೆ ಡಿಸ್ಕಿನ ಹೊರಗಿರುವ ನಟ್ಟನ್ನು ಪಾನಾದಿಂದ ಕಾಲು ಸುತ್ತು ಬಿಗಿ ಮಾಡಿ ಮತ್ತೆ ನೋಡಿ. ಬ್ರೇಕ್ ಬಿಟ್ಟಾಗ ಡಿಸ್ಕು ಸಲೀಸಾಗಿ ತಿರುಗಬೇಕು. ಸಂದು ಎಷ್ಟಿರಬೇಕೆಂಬುದು ಕೈಪಿಡಿಯಲ್ಲಿದೆ, ಅರ್ಧ ಮಿಲಿಮೀಟರಿಗಿಂತ ಕಡಿಮೆಯೇ ಇರುತ್ತದೆ. ಹೈಡ್ರೋಸ್ಟ್ಯಾಟಿಕ್ ಗಾಡಿಯಾದರೆ, ಅಂದರೆ ಗೇರಿನ ಬದಲು ಎಣ್ಣೆಯ ಒತ್ತಡದಿಂದ ಚಕ್ರ ಓಡಿಸುವಂಥದ್ದಾದರೆ, ಆ ಒತ್ತಡ ಬಿಡಿಸುವ ಹಿಂದಿನ ಬೈಪಾಸ್ ಸನ್ನೆ ಎಳೆದು ಇದೇ ಪರೀಕ್ಷೆ ಮಾಡಿ, ಆಮೇಲೆ ಸನ್ನೆಯನ್ನು ಮರೆಯದೆ ಒಳಕ್ಕೆ ತಳ್ಳಿ. ಅದು ಹೊರಗೇ ಉಳಿದ ಗಾಡಿಗೆ ಎಂಜಿನ್ನಿನ ತಡೆ ಇರುವುದಿಲ್ಲ.

ಎರಡನೆಯದು ಹಿಂದಿನ ಚಕ್ರಕ್ಕೆ ಭಾರ ಮತ್ತು ಸರಿಯಾದ ಗಾಳಿ. ಗಾಳಿಯ ಒತ್ತಡ ಸಾಮಾನ್ಯವಾಗಿ ಹಿಂದೆ 10 ಪಿಎಸ್‌ಐ, ಮುಂದೆ 12–14. ಪಂಕ್ಚರ್ ಅಂಗಡಿಯವರು ಕಾರಿನ ಲೆಕ್ಕದಲ್ಲಿ 30 ಹೊಡೆದು ಕಳಿಸುತ್ತಾರೆ. ಟೈರು ಉಬ್ಬಿ ನಡುವಿನ ಪಟ್ಟಿ ಮಾತ್ರ ನೆಲ ಮುಟ್ಟುತ್ತದೆ, ಹಿಡಿತ ಹೋಗುತ್ತದೆ. ಭಾರಕ್ಕೆ ಟೈರಿಗೆ ನೀರು ತುಂಬಿಸಬಹುದು. ಹಿಮ ಬೀಳುವ ದೇಶಗಳಲ್ಲಿ ಹೆಪ್ಪುಗಟ್ಟದಿರಲು ಉಪ್ಪು ಬೆರೆಸುತ್ತಾರೆ, ಬೆಂಗಳೂರಿನ ಚಳಿಗೆ ಬರೀ ನೀರು ಸಾಕು. ವಾಲ್ವ್ ಮೇಲ್ತುದಿಗೆ ಬರುವಂತೆ ಚಕ್ರ ನಿಲ್ಲಿಸಿ, ವಾಲ್ವಿನ ಮಟ್ಟದ ತನಕ ಮಾತ್ರ ತುಂಬಿ, ಉಳಿದಲ್ಲಿ ಗಾಳಿ. 20x8-8 ಅಳತೆಯ ಟೈರಿಗೆ ಸುಮಾರು 18–20 ಲೀಟರ್ ಹಿಡಿಯುತ್ತದೆ, ಎರಡು ಚಕ್ರಕ್ಕೆ 40 ಕೆಜಿ ಹತ್ತಿರ. ಭಾರ ಕೆಳಗೇ ಇರುವುದರಿಂದ ಗಾಡಿ ಉರುಳುವ ಭಯವೂ ತಗ್ಗುತ್ತದೆ. ಆದರೆ ಕೈಪಿಡಿ ಅನುಮತಿಸಿದಷ್ಟೇ ಭಾರ ಹಾಕಿ, ಹಗುರ ಗೇರ್ ಬಾಕ್ಸಿನ ಆಕ್ಸಲ್ ಹೆಚ್ಚಿನದನ್ನು ತಾಳದು. ಇದು ಹಿಡಿತ ಹೆಚ್ಚಿಸುವ ಉಪಾಯ. 15 ಡಿಗ್ರಿಯ ಮಿತಿಯನ್ನು 20 ಮಾಡುವ ಪರವಾನಗಿ ಅಲ್ಲ.

ಪ್ರಶ್ನೆ: ಬೆಳಗ್ಗೆ ಆರಕ್ಕೇ ಶುರು ಮಾಡಿಸಬಹುದಾ? ಬಿಸಿಲು ಏರಿದ ಮೇಲೆ ಮಾಲಿಗಳು ಒಪ್ಪಲ್ಲ. — ಅಪಾರ್ಟ್‌ಮೆಂಟ್ ಸಂಘ, ಕೆಂಗೇರಿ

ಉತ್ತರ: ಮಟ್ಟಸ ಭಾಗವನ್ನು ಆರಕ್ಕೆ ಶುರು ಮಾಡಿ, ಇಳಿಜಾರನ್ನು ಇಬ್ಬನಿ ಆರಿದ ಮೇಲೆ, ಒಂಬತ್ತರ ನಂತರ ಇಟ್ಟುಕೊಳ್ಳಿ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಸಂಜೆ ಮಳೆ ಬಂದರೆ ಮಾರನೇ ದಿನ ಇಳಿಜಾರು ಬಿಟ್ಟುಬಿಡಿ. ಮಣ್ಣಿಗೆ ಹಿಮ್ಮಡಿ ಒತ್ತಿದಾಗ ಗುರುತು ಬಿದ್ದರೆ ಇನ್ನೂ ಹಸಿ. ಬೇಸಿಗೆಯಲ್ಲಿ ಬೇರೆ ಕಾಟ. ಹುಲ್ಲು ತೆಳುವಾದಲ್ಲಿ ಸಣ್ಣ ಗರಸು ಎದ್ದು, ಲಾನ್ ಟೈರಿನ ನಯವಾದ ಅಚ್ಚು ಅದರ ಮೇಲೆ ನಿಲ್ಲುವುದೇ ಇಲ್ಲ. ಒದ್ದೆ ಹುಲ್ಲು ಬೆಲ್ಟಿಗೂ ಕೆಟ್ಟದ್ದು, ಡೆಕ್ಕಿನ ಕೆಳಗಿನಿಂದ ನೀರು ಚಿಮ್ಮಿ ಪುಲ್ಲಿಯೊಳಗೆ ಹೋಗುತ್ತದೆ.

ಪ್ರಶ್ನೆ: ಸೀಟಿನಿಂದ ಸ್ವಲ್ಪ ಎದ್ದರೂ ಎಂಜಿನ್ ಆಫ್ ಆಗುತ್ತೆ. ಎಲೆಕ್ಟ್ರಿಷಿಯನ್ ಸೀಟಿನ ಸ್ವಿಚ್ಚಿಗೆ ವೈರ್ ಸುತ್ತಿ ಡೈರೆಕ್ಟ್ ಮಾಡಿಕೊಡ್ತೀನಿ ಅಂದ್ರು. — ಓದುಗರು, ಯಲಹಂಕ

ಉತ್ತರ: ಬೇಡ. ಇಳಿಜಾರಿನಲ್ಲಿ ಸೀಟಿನಿಂದ ಜಾರಿ ಬಿದ್ದವರ ಹಿಂದೆ ಗಾಡಿ ಬ್ಲೇಡ್ ತಿರುಗಿಸುತ್ತಾ ಬರಬಾರದು ಎಂದೇ ಆ ಸ್ವಿಚ್ಚು. ಉಬ್ಬಿನ ಮೇಲೆ ಹಾರಿದಾಗೆಲ್ಲ ಆಫ್ ಆಗುತ್ತಿದ್ದರೆ ಸೀಟಿನ ಸ್ಪ್ರಿಂಗು, ಸ್ವಿಚ್ಚಿನ ಕೆಳಗಿನ ಪ್ಲಗ್ಗಿನ ತುಕ್ಕು ನೋಡಿ. ಇಲಿ ವೈರ್ ಕಡಿದಿರುವುದೂ ಉಂಟು. ಬ್ಲೇಡ್ ಸ್ವಿಚ್ ಆಫ್ ಮಾಡಿದ ಮೇಲೆ 5 ಸೆಕೆಂಡಿನೊಳಗೆ ಬ್ಲೇಡ್ ಪೂರ್ತಿ ನಿಲ್ಲಬೇಕು, ಅದನ್ನೂ ಈಗಲೇ ಪರೀಕ್ಷಿಸಿ.

ಪ್ರಶ್ನೆ: ಇಳಿಜಾರಿನ ನಡುವೆ ಬೆಲ್ಟ್ ತುಂಡಾದರೆ ಏನು ಮಾಡಬೇಕು? ಹತ್ತುವಾಗ ನಿಂತುಬಿಟ್ಟರೆ? — ಓದುಗರು, ಬನ್ನೇರುಘಟ್ಟ

ಉತ್ತರ: ಬೆಲ್ಟು ತುಂಡಾದರೆ ಎಂಜಿನ್ ಸದ್ದು ಒಮ್ಮೆಲೇ ಹಗುರಾಗುತ್ತದೆ, ಗಾಡಿ ತೇಲಿದಂತಾಗುತ್ತದೆ. ಹತ್ತುತ್ತಿದ್ದರೆ ಕೂಡಲೇ ಪೆಡಲನ್ನು ಪೂರ್ತಿ ಒತ್ತಿ, ಬ್ಲೇಡ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಹಾಕಿ. ಇಳಿಯುತ್ತಿದ್ದರೆ ಸ್ಟೀರಿಂಗ್ ನೇರ ಕೆಳಕ್ಕೇ ಇರಲಿ. ಹೆದರಿ ಅಡ್ಡ ತಿರುಗಿಸಿದವರ ಗಾಡಿಯೇ ಉರುಳುವುದು. ಬ್ಲೇಡ್ ಆಫ್, ಪೆಡಲ್ ಗಟ್ಟಿಯಾಗಿ. ಚಕ್ರ ನಿಂತೂ ಗಾಡಿ ಜಾರುತ್ತಿದ್ದರೆ ಪೆಡಲನ್ನು ಒಂದಿಷ್ಟು ಬಿಟ್ಟು ಮತ್ತೆ ಒತ್ತಿ, ಉರುಳುವ ಚಕ್ರ ಮಾತ್ರ ಹೇಳಿದ ಕಡೆ ಹೋಗುತ್ತದೆ. ಹೈಡ್ರೋಸ್ಟ್ಯಾಟಿಕ್ ಗಾಡಿಯಲ್ಲಿ ಓಟದ ಪೆಡಲ್ ಬಿಟ್ಟರೆ ಎಣ್ಣೆಯ ದಾರಿ ಮುಚ್ಚಿ ಬೆಲ್ಟಿಲ್ಲದೆಯೂ ಸ್ವಲ್ಪ ತಡೆ ಸಿಗುತ್ತದೆ. ಆದರೆ ಗಂಟೆಗಟ್ಟಲೆ ಏರು ಹತ್ತಿ ಬಿಸಿಯಾಗಿ ತೆಳುವಾದ ಎಣ್ಣೆಯಲ್ಲಿ ಗಾಡಿ ಮೆಲ್ಲಗೆ ಸರಿಯುತ್ತಲೇ ಇರುತ್ತದೆ. ಪಾರ್ಕಿಂಗ್ ಬ್ರೇಕ್ ಬೇಕೇ ಬೇಕು.

ನಿಂತ ಮೇಲೆ ಎಂಜಿನ್ ಆರಿಸಿ, ಕೀ ತೆಗೆದು, ಮೇಲ್ಗಡೆಯ ಮಗ್ಗುಲಿನಿಂದ ಇಳಿಯಿರಿ. ಚಕ್ರಗಳ ಕೆಳಗಡೆಗೆ ಕಲ್ಲು ಕೊಡಿ. ಬೆಲ್ಟನ್ನು ಅಲ್ಲೇ ಹಾಕಲು ಕೂರಬೇಡಿ, ಹಿಂದಿನಿಂದ ಹಗ್ಗ ಕಟ್ಟಿ ಬೇರೊಂದು ವಾಹನದಿಂದ ಮಟ್ಟಸ ಜಾಗಕ್ಕೆ ತನ್ನಿ.

ಹತ್ತುವಾಗ ಶಕ್ತಿ ಸಾಲದೆ ನಿಂತರೆ ಮತ್ತೆ ಮುಂದಕ್ಕೆ ಹತ್ತಿಸಲು ನೋಡಬೇಡಿ. ಏರಿನಲ್ಲಿ ಪೆಡಲನ್ನು ತಟ್ಟನೆ ಬಿಟ್ಟರೆ ಮುಂಭಾಗ ಎದ್ದು ಹಿಂದಕ್ಕೆ ಮಗುಚಬಹುದು. ಬ್ಲೇಡ್ ಆಫ್ ಮಾಡಿ, ರಿವರ್ಸ್ ಗೇರ್ ಹಾಕಿ, ನಿಧಾನವಾಗಿ ನೇರ ಹಿಂದಕ್ಕೆ ಇಳಿಯಿರಿ.

ಪ್ರಶ್ನೆ: ಇಳಿಯುವಾಗ ಹೊಗೆ ಬರುತ್ತೆ, ಏರಿನಲ್ಲಿ ಎಂಜಿನ್ ಉಸಿರು ಕಟ್ಟಿದ ಹಾಗಾಗುತ್ತೆ. — ಓದುಗರು, ತಲಘಟ್ಟಪುರ

ಉತ್ತರ: ನೀಲಿ–ಬಿಳಿ ಹೊಗೆಯಾದರೆ ಮೊದಲು ಎಂಜಿನ್ ಆಯಿಲ್ ಮಟ್ಟ ನೋಡಿ, ಸಮತಟ್ಟಿನಲ್ಲಿ, ಎಂಜಿನ್ ಆರಿ ಹತ್ತು ನಿಮಿಷ ಕಳೆದ ಮೇಲೆ. ಸಿಲಿಂಡರ್ ತಲೆ ಮುಂದಕ್ಕಿರುವ ಎಂಜಿನ್ನಿನಲ್ಲಿ ಹೆಚ್ಚುವರಿ ಆಯಿಲ್ ಇಳಿಯುವಾಗ ಆ ಕಡೆ ಹರಿದು ಉರಿಯುತ್ತದೆ, ಬ್ರೀದರ್ (ಎಂಜಿನ್ನಿನ ಒಳಗಾಳಿ ಹೊರಬಿಡುವ ದಾರಿ) ಮೂಲಕ ಏರ್ ಫಿಲ್ಟರನ್ನೂ ನೆನೆಸುತ್ತದೆ. ಕಡಿಮೆ ಇದ್ದರೆ ಇನ್ನೂ ಕೆಟ್ಟದ್ದು. ವಾಲಿದಾಗ ಆಯಿಲ್ ಒಂದು ಮೂಲೆಗೆ ಸೇರಿ, ಎರಚುವ ಚಕ್ರಕ್ಕೆ ಅಥವಾ ಪಂಪಿಗೆ ಸಿಗದೆ ಎಂಜಿನ್ ಹಿಡಿದುಕೊಳ್ಳುತ್ತದೆ. ಮೇಲಿನ ಗುರುತಿಗೆ ಸರಿಯಾಗಿರಲಿ. ಪೆಟ್ರೋಲ್ ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದರೆ ಏರಿನಲ್ಲಿ ಪೈಪಿಗೆ ಸಿಗದೆ ಉಸಿರು ಕಟ್ಟುವುದುಂಟು. ತುಂಬಿಸುವುದು ಮಾತ್ರ ಮಟ್ಟಸದಲ್ಲಿ, ಎಂಜಿನ್ ಆರಿದ ಮೇಲೆ.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಟರ್ಬೊ ಇಲ್ಲದ ಸಣ್ಣ ಎಂಜಿನ್ನು ಸಮುದ್ರ ಮಟ್ಟದಿಂದ ಪ್ರತಿ 1,000 ಅಡಿಗೆ ಸುಮಾರು ಶೇ. 3.5 ಶಕ್ತಿ ಕಳೆದುಕೊಳ್ಳುತ್ತದೆ. ಬೆಂಗಳೂರು ಸುಮಾರು 3,000 ಅಡಿಯಲ್ಲಿದೆ. ಡಬ್ಬಿಯ ಮೇಲೆ 20 ಎಚ್‌ಪಿ ಎಂದಿದ್ದದ್ದು ಇಲ್ಲಿ 18 ಎಂದುಕೊಳ್ಳಿ. ಏರಿನಲ್ಲಿ ಡೆಕ್ಕನ್ನು ಒಂದು ಹಂತ ಮೇಲೆತ್ತಿ, ಎರಡು ಸಲಕ್ಕೆ ಕತ್ತರಿಸಿ.

ಪ್ರಶ್ನೆ: ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು ಓಡಿಸಬಹುದೇ? — ಓದುಗರು, ಜಯನಗರ

ಉತ್ತರ: ಕೂಡದು, ಸಮತಟ್ಟಿನಲ್ಲೂ. ಒಮ್ಮೆ ಕೂತ ಮಗು ಮುಂದಿನ ಸಲ ಗಾಡಿಯ ಸದ್ದು ಕೇಳಿದ ಕೂಡಲೇ ಓಡಿ ಬರುತ್ತದೆ, ರಿವರ್ಸ್ ತೆಗೆಯುವಾಗ ನಿಮಗೆ ಕಾಣುವುದಿಲ್ಲ.

ಪ್ರಶ್ನೆ: ಅಳೆದು ನೋಡಿದೆವು, ಮನೆ ಹಿಂದಿನ ಪಟ್ಟಿ 22 ಡಿಗ್ರಿ. ಅಲ್ಲಿ ಹುಲ್ಲು ಹಾಗೇ ಬಿಡೋದಾ? — ಓದುಗರು, ನಂದಿ ಬೆಟ್ಟದ ತಪ್ಪಲು

ಉತ್ತರ: ಟ್ರ್ಯಾಕ್ಟರಿಗೂ ಬೇಡ, ತಳ್ಳುವ ಮಷೀನಿಗೂ ಕಷ್ಟ. ವರ್ಷಕ್ಕೆ ಮೂರ್ನಾಲ್ಕು ಸಲ ಹೆಗಲಿಗೆ ತಗುಲಿಸುವ ವೀಡ್ ಕಟರ್‌ನಲ್ಲಿ ಹೊಡೆಸಿ. ಕೆಳಗಿನಿಂದ ಮೇಲಕ್ಕಲ್ಲ, ಅಡ್ಡಡ್ಡ ನಡೆಯುತ್ತಾ, ಹಿಡಿತ ಇರುವ ಬೂಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಶಾಶ್ವತ ಏರ್ಪಾಡು ಬೇಕೆಂದರೆ ಜೂನ್ ಮಳೆಗೆ ಲಾವಂಚ ನೆಡಿ. ಒಂದೇ ಮಟ್ಟದ ಗೆರೆಯಲ್ಲಿ, ಬುಡದಿಂದ ಬುಡಕ್ಕೆ 10–15 ಸೆಂಮೀ ಅಂತರ, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಎತ್ತರದಲ್ಲಿ 1 ಮೀಟರ್. ಬೇರಿಳಿಯುವ ತನಕ ನೀರು ಕೊಡಿ, ಆಮೇಲೆ ವರ್ಷಕ್ಕೊಮ್ಮೆ ಕುಡುಗೋಲಿನಲ್ಲಿ ಮೇಲ್ತಲೆ ಸವರಿದರೆ ಸಾಕು.